ಡಾಕ್ಟ್ರೂ ಅಲ್ಲ, ಟೀಚರೂ ಅಲ್ಲ

ಕಿವಿ ಮತ್ತು ಮಾತಿನ ವಿಷಯ ಓದಿದವರಿಗೆ ಅವಕಾಶಗಳು ಬೇಕಾದಷ್ಟಿವೆ ಎಂದು ನಮ್ಮ ಕಾಲೇಜಿನಲ್ಲಿ ಹೇಳುತ್ತಿದ್ದರು. ಸುಳ್ಳಲ್ಲ. ನನಗೂ ಒಂದಾದ ಮೇಲೊಂದು ಬಂದವು. ಆದರೆ ಒಂದೊಂದೂ ಬರುವಾಗ ಯಾವುದಾದರೊಂದು ಫಜೀತಿಯನ್ನು ಜೊತೆಗೆ ಕರೆದುಕೊಂಡೇ ಬಂತು.

ಅಪ್ಪನ ಗಡುವು

ನಮ್ಮದು ತಮಿಳುನಾಡಿನ ಮಾರಂಡಹಳ್ಳಿ ಪಕ್ಕ, ಟೊಮೆಟೊ ಬೆಳೆಯುವ ಕನ್ನಡದ ಮನೆ. ನಾನು ಸೇಲಂನಲ್ಲಿ ಓದುತ್ತಿದ್ದದ್ದು ನಾಲ್ಕು ವರ್ಷದ ಡಿಗ್ರಿ. ಕಿವಿ ಎಷ್ಟು ಕೇಳುತ್ತದೆಂದು ಪರೀಕ್ಷೆ ಮಾಡುವುದು, ಮಾತು ತಡವಾದ ಮಕ್ಕಳಿಗೆ ಮಾತು ಬರಿಸುವುದು, ಇದೇ ಓದು. ಕೊನೆಯ ವರ್ಷ ಪೂರ್ತಿ ಇಂಟರ್ನ್‌ಶಿಪ್. ಅದು ಶುರುವಾಗುವ ಮುಂಚೆ ಅಪ್ಪ ವಿಚಾರಣೆಗೆ ಕೂತರು.

“ಕಿವಿ ಡಾಕ್ಟ್ರಾ ನೀನು?”

“ಅಲ್ಲಪ್ಪ.”

“ಮತ್ತೆ ಟೀಚರಾ?”

“ಅದೂ ಅಲ್ಲ.”

“ಡಾಕ್ಟ್ರೂ ಅಲ್ಲ, ಟೀಚರೂ ಅಲ್ಲ. ಊರೋರ್ಗೆ ಏನಂತ ಏಳ್ಲಿ?”

ಆಸ್ಪತ್ರೆ, ಶಾಲೆ, ಕಾರ್ಖಾನೆ, ಕಿವಿಯ ಮಿಷನ್ ಮಾರುವ ಕಂಪನಿ ಎಂದು ನಾನು ಅವಕಾಶಗಳನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ. ಅಪ್ಪ ಸಾವಧಾನವಾಗಿ ಕೇಳಿಸಿಕೊಂಡು, “ಇಷ್ಟೆಲ್ಲ ಇದ್ರೆ, ನಿನ್ ಸೀನಿಯರ್ ಉಡುಗಿ ಯಾಕೆ ಧರ್ಮಪುರಿಗೆ ಗ್ರೂಪ್ ಫೋರ್ ಕ್ಲಾಸ್ಗೆ ಓಗ್ತಾವ್ಳೆ?” ಎಂದರು.

ಇಂಟರ್ನ್‌ಶಿಪ್ ಮುಗಿಯುವುದರೊಳಗೆ ಕೆಲಸ ಸಿಗಬೇಕು, ಇಲ್ಲದಿದ್ದರೆ ನಾನೂ ಆ ಸರ್ಕಾರಿ ಪರೀಕ್ಷೆಯ ಕ್ಲಾಸಿಗೆ ಸೇರಬೇಕು ಎಂದು ತೀರ್ಮಾನವಾಯಿತು. ಸೀನಿಯರ್ ನನ್ನನ್ನು ಕಂಡು, “ಬಾ, ನಿಂಗೂ ಒಂದು ಸೀಟ್ ಇಡ್ದಿರ್ತೀನಿ” ಎಂದಳು.

ಕಣ್ಣು ಚೆನ್ನಾಗೈತೆ

ಮೊದಲ ಅವಕಾಶ ಮೆಟ್ಟೂರು ಕಡೆಯ ಒಂದು ಕಾರ್ಖಾನೆ. ಸದ್ದಿನ ನಡುವೆ ದುಡಿಯುವವರ ಕಿವಿಯನ್ನು ವರ್ಷಕ್ಕೊಮ್ಮೆ ಪರೀಕ್ಷಿಸಬೇಕು. ನಾನು ಗುಂಡಿ ಒತ್ತಿದರೆ ಎದುರಿನವರ ಹೆಡ್‌ಫೋನಿನಲ್ಲಿ ಸದ್ದು ಬರುತ್ತದೆ. ಕೇಳಿದರೆ ಅವರು ಬೆರಳೆತ್ತಬೇಕು.

ಒಬ್ಬ ಹಿರಿಯ ಕೆಲಸಗಾರರು ಒಂದೂ ತಪ್ಪದೆ ಬೆರಳೆತ್ತಿದರು. ನಾನು ಬೆರಗಾಗಿ ನೀರಿನ ಬಾಟಲಿಗೆ ಕೈ ಚಾಚಿದೆ. ಆಗಲೂ ಬೆರಳು ಮೇಲೆದ್ದಿತು. ಮೂಗು ಕೆರೆದುಕೊಂಡೆ. ಮತ್ತೆ ಬೆರಳು! ಅವರು ಅಷ್ಟು ಹೊತ್ತೂ ನನ್ನ ಮೊಣಕೈಯನ್ನೇ ನೋಡುತ್ತಿದ್ದರು.

ಹೆಡ್‌ಫೋನ್ ತೆಗೆಸಿ, ಯಾಕೆ ಹೀಗೆ ಎಂದು ಕಿವಿಯ ಹತ್ತಿರ ಜೋರಾಗಿ ಕೇಳಿದೆ. “ಕಿವಿ ಓಗೈತೆ ಅಂದ್ರೆ ಬೇರೆ ಸೆಕ್ಷನ್ಗೆ ಆಕ್ತಾರೆ ಅಮ್ಮಣಿ,” ಎಂದರು ಅವರು. “ಕಣ್ಣು ಚೆನ್ನಾಗೈತಲ್ಲ, ಅದನ್ನ ಬರ್ಕೋ.”

ಎಲ್ಲರನ್ನೂ ನನಗೆ ಬೆನ್ನು ಮಾಡಿ ಕೂರಿಸಿ ಪರೀಕ್ಷೆಯನ್ನು ಮತ್ತೆ ಶುರು ಮಾಡಿದೆ. ಎರಡು ದಿನ ಹಿಡಿಯಿತು. ಆಫೀಸರ್ ಸಾಹೇಬರಿಗೆ ಬೇಸರವಾಯಿತು. “ಹೋದ ವರ್ಷ ಬಂದವರು ಮಧ್ಯಾಹ್ನದ ಊಟದೊಳಗೆ ಎಲ್ಲರ ಕಿವಿಯನ್ನೂ ಸರಿ ಮಾಡಿ ಹೋಗಿದ್ದರು” ಎಂದರು.

ಕಾಯುವವರಿಗೆ ಮಿಷನ್

ಎರಡನೆಯದು ಕಿವಿಯ ಮಿಷನ್ ಕಂಪನಿ. ಒಂದು ಮಿಷನ್ ಮಾರಿ ತೋರಿಸಿದರೆ ಕೆಲಸ ಕೊಡುವುದಾಗಿ ಹೇಳಿ ಹಳ್ಳಿಗಳ ಕಡೆ ಕಳಿಸಿದರು. ಆಡು ಮೇಯಿಸುವ ಒಬ್ಬ ತಾತನ ಕಿವಿಗೆ ಹಾಕಿದೆ. ತಾತ ಗುಡ್ಡದವರೆಗೆ ನಡೆದುಹೋಗಿ, ಮುಖ ಅರಳಿಸಿಕೊಂಡು ವಾಪಸು ಬಂದರು.

“ಎಲೆ ಕಡಿಯೋದೂ ಕೇಳ್ತೈತಮ್ಮಾ!”

ಕೆಲಸ ಸಿಕ್ಕೇಬಿಟ್ಟಿತು ಎಂದುಕೊಂಡು ರಸೀದಿ ಪುಸ್ತಕ ತೆಗೆದೆ. ತಾತ ಮಿಷನ್ ಬಿಚ್ಚಿ ನನ್ನ ಅಂಗೈಯಲ್ಲಿಟ್ಟರು. “ನಂಗ್ಯಾಕೆ? ನಮ್ ನಾಯಿಗೆ ವಯಸ್ಸಾಗೈತೆ, ಕೂಗಿದ್ರೆ ಕೇಳ್ತಾ ಇಲ್ಲ. ಅದ್ರ ಕಿವಿಗೆ ಆಗೋದು ಐತಾ? ಕಾಯೋದು ಅದೇ ಅಲ್ವಾ?”

ಮೂರು ತಿಂಗಳ ಮೌನ

ಇಂಟರ್ನ್‌ಶಿಪ್ಪಿನ ಕೊನೆಯ ವಾರ ಪೆನ್ನಾಗರಂನ ಒಂದು ಮಕ್ಕಳ ಸೆಂಟರಿನಲ್ಲಿದ್ದೆ. ಅಲ್ಲಿ ಒಂದೇ ಒಂದು ಕೆಲಸ ಖಾಲಿ ಇತ್ತು. ಅಪ್ಪ ಆಗಲೇ ಕ್ಲಾಸಿನ ಫಾರಂ ತಂದು ಟೀವಿ ಪಕ್ಕ ಇಟ್ಟಿದ್ದರು. ನಿಜ ಹೇಳಬೇಕೆಂದರೆ, ನನಗೆ ಹೆದರಿಕೆಯಾಗಿತ್ತು.

ಅಲ್ಲಿಗೆ ನಾಲ್ಕು ವರ್ಷದ ಹುಡುಗಿಯೊಬ್ಬಳು ಬರುತ್ತಿದ್ದಳು. ಅಂಗನವಾಡಿಯಲ್ಲಿ ಬಾಯಿ ಬಿಡುವುದಿಲ್ಲವೆಂದು ಕಳಿಸಿದ್ದರು. ಕಿವಿ ಚೆನ್ನಾಗಿತ್ತು. ಆದರೂ ಸೆಂಟರಿನ ಮೇಡಂ ಮೂರು ತಿಂಗಳಿಂದ ಚಿತ್ರ ತೋರಿಸಿ ತಮಿಳಿನಲ್ಲಿ ಕೇಳಿದರೆ, ತುಟಿ ಬಿಗಿದುಕೊಂಡು ಕೂರುತ್ತಿದ್ದಳು. ಮಾತಾಡುತ್ತಾಳಾ ಎಂದು ಕೇಳಿದರೆ ತಾಯಿಯೂ ತಲೆ ತಗ್ಗಿಸುತ್ತಿದ್ದಳು.

ಆ ದಿನ ಮೇಡಂ ಚಿತ್ರದ ಕಾರ್ಡುಗಳನ್ನು ನನಗೆ ಕೊಟ್ಟರು. “ನೀನೊಮ್ಮೆ ನೋಡು. ಇವತ್ತೂ ಆಗದಿದ್ದರೆ ಮಾತು ಬಾರದ ಮಗು ಎಂದು ಫೈಲಿನಲ್ಲಿ ಬರೆದುಬಿಡುತ್ತೇನೆ” ಎಂದು ಪೆನ್ನು ತೆಗೆದರು.

ಮಗುವಿನ ರಿಬ್ಬನ್ ಸರಿಮಾಡುತ್ತ ತಾಯಿ ಮೆಲ್ಲಗೆ, “ನೆಟ್ಗೆ ಕೂತ್ಕಳ್ಳವ್ವಾ” ಎಂದದ್ದು ನನಗೆ ಕೇಳಿಸಿತು. ಅಯ್ಯೋ, ನಮ್ಮವರು! ನಾನು ಆಡಿನ ಚಿತ್ರ ಹಿಡಿದು, “ಇದೇನ್ ಮಗಾ? ನಿಮ್ಮನೇಲಿ ಐತಾ?” ಎಂದು ಕನ್ನಡದಲ್ಲೇ ಕೇಳಿದೆ.

ಹುಡುಗಿಯ ಕಣ್ಣುಗಳು ಅಗಲವಾದವು. ನನ್ನನ್ನೊಮ್ಮೆ ನೋಡಿದಳು, ತಾಯಿಯನ್ನೊಮ್ಮೆ ನೋಡಿದಳು, ಆಮೇಲೆ ತಾಯಿಯ ಸೆರಗು ಜಗ್ಗಿ ಇಡೀ ಸೆಂಟರಿಗೆ ಕೇಳುವಂತೆ ದೂರು ಕೊಟ್ಟಳು:

“ಅಮ್ಮಾ, ಈ ಅಕ್ಕ ಕನ್ನಡ ಮಾತಾಡ್ತಾವ್ಳೆ! ಇವ್ಳಿಗೂ ಒಂದ್ ಏಟು ಕೊಡು!”

ತಾಯಿಯ ಮುಖ ಕೆಂಪಾಯಿತು. “ಇಂಥಾ ಕಡೆ ನಮ್ ಮಾತಾಡಿದ್ರೆ ನಗ್ತಾರೆ ಅಂತ, ಬಾಯ್ ಬಿಟ್ರೆ ಏಟು ಬೀಳ್ತೈತೆ ಅಂತ ಏಳಿದ್ದೆ ಅಕ್ಕಾ. ಮನೇಲಿ ಬಾಯಿ ಮುಚ್ಚಲ್ಲ. ಆದ್ರೆ ಅದು ಮನೆ ಮಾತಲ್ವಾ, ಆಸ್ಪತ್ರೇಲಿ ಅದನ್ನೂ ಸೇರುಸ್ಕಂತಾರಾ?”

ನನಗೆ ನಗು ಬಂತು, ಜೊತೆಗೆ ಸಂಕಟವೂ ಆಯಿತು. ಕನ್ನಡ ಬಾರದ ಮೇಡಂ, “ಏನಂದಳು, ಏನಂದಳು?” ಎಂದು ಕುರ್ಚಿಯಿಂದ ಎದ್ದೇಬಿಟ್ಟಿದ್ದರು.

“ನನಗೆ ಒಂದು ಏಟು ಕೊಡಬೇಕಂತೆ ಮೇಡಂ.”

ಮೇಡಂ ಫೈಲು ಮುಚ್ಚಿ, ಪೆನ್ನನ್ನು ನನ್ನ ಕೈಗಿಟ್ಟರು.

“ಏಟು ಆಮೇಲೆ ತಿನ್ನುವೆಯಂತೆ. ಮೊದಲು ಕೂತು ಅಪ್ಲಿಕೇಶನ್ ಬರಿ.”