ಗಾಜಿನ ಕೊಳವೆಯಲ್ಲಿ ಹೋದ ಮಾನ

ಎಫ್ರೇಮ್ ಕೆರ್ಷಾನಿಗೆ ಹೆಂಡತಿಯನ್ನು ಖುಷಿಪಡಿಸಬೇಕೆಂಬ ಆಸೆ ವರ್ಷಕ್ಕೊಮ್ಮೆ ಬರುತ್ತಿತ್ತು, ಬಂದಷ್ಟೇ ಬೇಗ ಹೋಗಿಬಿಡುತ್ತಿತ್ತು. ಆ ವರ್ಷ ಮಾತ್ರ ಹೋಗಲಿಲ್ಲ. ಆಮೇಲಿನ ಎಲ್ಲ ಅನಾಹುತಕ್ಕೂ ಅದೇ ಮೂಲ.

ವಿಟ್ಸನ್ ಎಂಬ ಕ್ರೈಸ್ತರ ಹಬ್ಬ ಹತ್ತಿರ ಬಂತೆಂದರೆ ಇಂಗ್ಲೆಂಡಿನ ಓಲ್ಡಮ್ ಊರಿನ ಹೆಂಗಸರು ಮನೆಯ ಕಾರ್ಪೆಟ್ಟುಗಳನ್ನೆಲ್ಲ ಹಿತ್ತಲ ಹಗ್ಗಕ್ಕೆ ಹಾಕಿ, ಹಳೆಯ ದ್ವೇಷವಿದ್ದವರಂತೆ ಬಡಿಯುತ್ತಾರೆ. ಕೆರ್ಷಾನ ಮನೆಯ ಮುಂದಿನ ಕೋಣೆಯ ಕಾರ್ಪೆಟ್ ಮಾತ್ರ ಹಗ್ಗ ಕಂಡಿರಲಿಲ್ಲ. ಅದರ ಮೇಲೆ ಒಂದು ಕಡೆ ಕಾಲಲ್ಲಿ ತುಳಿದು ನುಡಿಸುವ ದೊಡ್ಡ ಹಾರ್ಮೋನಿಯಂ, ಇನ್ನೊಂದು ಕಡೆ ಓಕ್ ಮರದ ಬೀರು ಕೂತಿದ್ದವು. "ಈ ಸಲ ನಾನೇ ಸರಿಸಿಕೊಡ್ತೀನಿ ಬಿಡು" ಎಂದು ಅವನು ಪ್ರತಿವರ್ಷ ಹೇಳುತ್ತಿದ್ದ. ಪ್ರತಿವರ್ಷ ಆ ವಾರದಲ್ಲೇ ಅವನಿಗೆ ಸೊಂಟ ಹಿಡಿದುಕೊಳ್ಳುತ್ತಿತ್ತು. ಹೆಂಡತಿ ಸೆಲೀನಾ ಧೂಳು ಏಳದಂತೆ, ಬಳಸಿದ ಒದ್ದೆ ಚಹಾ ಸೊಪ್ಪನ್ನು ಕಾರ್ಪೆಟ್ ಮೇಲೆ ಉದುರಿಸಿ ಗುಡಿಸಿ ಮುಗಿಸುತ್ತಿದ್ದಳು.

ಈ ಸಲ ಸೆಲೀನಾ ತಂಗಿಯ ಬಾಣಂತನ ನೋಡಲು ಬೆರಿ ಎಂಬ ಊರಿಗೆ ಹೋಗಿದ್ದಳು, ನೂಲಿನ ಗಿರಣಿಗೆ ಅರ್ಧ ದಿನ ರಜೆಯಿದ್ದ ಶನಿವಾರ ಸಂಜೆಯ ರೈಲಿಗೆ ಬರುವವಳಿದ್ದಳು. ಅದೇ ದಿನ ಗಿರಣಿ ಮಾಲೀಕರ ಹೆಂಡತಿ ಮ್ಯಾಂಚೆಸ್ಟರಿನಿಂದ ಧೂಳು ಹೀರುವ ಹೊಸ ಯಂತ್ರವನ್ನು ತರಿಸಿದ್ದರು. ಬಂಗಲೆಯ ಕೆಲಸ ಬೆಳಗ್ಗೆಯೇ ಮುಗಿದುಹೋಯಿತು. ಗಿರಣಿಯಲ್ಲಿ ಗುಮಾಸ್ತನಾಗಿದ್ದ ಕೆರ್ಷಾ ಟೋಪಿಯನ್ನು ಕೈಯಲ್ಲಿ ಹಿಡಿದು, ಮಾಲೀಕರ ಮುಂದೆ ನಿಂತು ಹಲ್ಲುಗಿಂಜಿ, ಮಿಕ್ಕ ಹೊತ್ತಿಗೆ ಆ ಯಂತ್ರವನ್ನು ತನ್ನ ಬೀದಿಗೆ ಬರಮಾಡಿಕೊಂಡ. ಸೊಂಟಕ್ಕೂ ನೋವಿಲ್ಲ, ಹೆಂಡತಿಗೂ ಸಂತೋಷ ಎಂಬ ಲೆಕ್ಕ ಅವನದು.

ಆ ಬೀದಿಯಲ್ಲಿ ಮಾನ ಎನ್ನುವುದು ಮನೆಯ ಮುಂದಿನ ಮೆಟ್ಟಿಲಿನಲ್ಲಿತ್ತು. ಬೆಳಗಾದರೆ ಹೆಂಗಸರು ಮಂಡಿಯೂರಿ ಕೂತು, ಬಿಳಿ ಕಲ್ಲಿನಿಂದ ಮೆಟ್ಟಿಲು ಉಜ್ಜುತ್ತಿದ್ದರು. ಎಲ್ಲರ ಮೆಟ್ಟಿಲಿಗಿಂತ ಸೆಲೀನಾಳ ಮೆಟ್ಟಿಲು ಬಿಳಿ. ಎದುರು ಮನೆಯ ಹ್ಯಾನಾ ಕ್ಲೆಗ್ ಮದುವೆಯಾಗಿ ಬಂದಾಗಿನಿಂದ ಎರಡನೆಯವಳಾಗಿಯೇ ಉಳಿದಿದ್ದಳು. ಎರಡನೆಯ ಸ್ಥಾನದಲ್ಲಿರುವವರ ಹೊಟ್ಟೆಯುರಿ ಕೊನೆಯ ಸ್ಥಾನದವರಿಗೆ ಅರ್ಥವಾಗುವುದಿಲ್ಲ.

ಯಂತ್ರ ಬಂತು. ಕುದುರೆ ಎಳೆಯುವ ಕೆಂಪು ಗಾಡಿ. ಅದರ ಮೇಲೆ ಗಡಗಡ ನಡುಗುವ ಎಂಜಿನ್. ಅದರಿಂದ ಹೊರಟ ಉದ್ದನೆಯ ರಬ್ಬರ್ ಕೊಳವೆ. ಸದ್ದಿಗೆ ಇಡೀ ಬೀದಿ ಹೊರಗೆ ಬಂತು. ಹ್ಯಾನಾ ಕ್ಲೆಗ್ ಕುರ್ಚಿಯನ್ನೇ ತಂದು ಹಾಕಿಕೊಂಡಳು, ಪಕ್ಕದಲ್ಲಿ ಅವಳ ಗಂಡ ಸೆಥ್ ಚಹಾ ಲೋಟ ಹಿಡಿದು ನಿಂತ.

ಯಂತ್ರದ ಜೊತೆ ಬಂದಿದ್ದ ಮೇಸ್ತ್ರಿ ಗ್ರೀವ್ಸ್ ಬಿಳಿ ಸಮವಸ್ತ್ರದಲ್ಲಿದ್ದ. ನಗುವುದು ಅವನ ಕೆಲಸಕ್ಕೆ ಸೇರಿರಲಿಲ್ಲ. "ಪೇಟೆಂಟ್ ಆಗಿರೋ ಯಂತ್ರ ಸ್ವಾಮಿ ಇದು. ಕೊಳವೆ ಮಧ್ಯೆ ಗಾಜಿನ ತುಂಡು ಸೇರಿಸ್ಲಾ? ಒಳಗೆ ಧೂಳು ಹೋಗೋದು ಹೊರಗಿನವ್ರಿಗೆ ಕಾಣುತ್ತೆ. ಕೆಲವ್ರು ಬೇಡ ಅಂತಾರೆ" ಎಂದ.

"ಯಾಕೆ ಬೇಡ?" ಕೆರ್ಷಾ ಎದೆ ಸೆಟೆಸಿ, ಬೀದಿಗೆಲ್ಲ ಕೇಳುವಂತೆ ಹೇಳಿದ, "ಹಾಕ್ರಿ, ಹಾಕ್ರಿ! ಸೆಲೀನಾ ಮನೇನ ಹೇಗಿಟ್ಕೊಂಡಿದ್ದಾಳೆ ಅಂತ ಎಲ್ರೂ ನೋಡ್ಲಿ. ಗಾಜಲ್ಲಿ ಒಂದು ಕಣ ಧೂಳೂ ಕಾಣಲ್ಲ."

ಗ್ರೀವ್ಸ್ ಅವನನ್ನು ಒಂದು ಕ್ಷಣ ನೋಡಿ, ಗಾಜು ಸೇರಿಸಿದ. ಕಿಟಕಿಯಿಂದ ಕೊಳವೆ ಒಳಗೆ ಹೋಯಿತು.

ಮೊದಲು ಬಂದದ್ದು ಕಂದು ಬಣ್ಣದ ಧೂಳು, ಅದರ ಹಿಂದೆ ಒಣಗಿದ ಚಹಾ ಸೊಪ್ಪು. ಆಮೇಲೆ ಕಪ್ಪು ಮಸಿ ಬಂತು. ಬಂತು ಅಂದರೆ ನಿಲ್ಲಲಿಲ್ಲ. ಗಾಜಿನೊಳಗೆ ಹೊಳೆ ಹರಿದಂತೆ ಹರಿಯಿತು. ಕೆರ್ಷಾನ ಸೆಟೆದ ಎದೆ ಮೆಲ್ಲಗೆ ಇಳಿಯಿತು. ಒಳಗಿನ ಕೆಲಸದವರು ಕಾರ್ಪೆಟ್ಟಿನ ಮೂಲೆಯನ್ನು ಮೇಲಕ್ಕೆತ್ತಿ ಕೊಳವೆಯನ್ನು ಅಡಿಗೆ ತೂರಿಸಿದರೋ ಏನೋ, ಈಗ ಬೂದು ಬಣ್ಣದ ಪುಡಿ ನುಣ್ಣಗೆ ಸುರಿಯತೊಡಗಿತು.

"ಅಯ್ಯಯ್ಯೋ, ಬೂದಿ!" ಹ್ಯಾನಾ ಕ್ಲೆಗ್ ಕುರ್ಚಿಯಿಂದ ಎದ್ದೇಬಿಟ್ಟಳು. "ಒಲೆ ಬೂದೀನ ಕಾರ್ಪೆಟ್ ಅಡಿಗೆ ತಳ್ತಾಳೇನ್ರೀ ಸೆಲೀನಾ? ಮೆಟ್ಟಿಲು ನೋಡಿದ್ರೆ ಹಾಲು, ಒಳಗಡೆ ನೋಡಿದ್ರೆ ಹೀಗೆ! ಪಾಪ, ನಾನು ಯಾರಿಗೂ ಹೇಳಲ್ಲಪ್ಪ."

ಹೇಳುವುದಕ್ಕೆ ಯಾರೂ ಉಳಿದಿರಲಿಲ್ಲ, ಎಲ್ಲರೂ ಅಲ್ಲೇ ಇದ್ದರು.

ಕೆರ್ಷಾನಿಗೆ ಭೂಮಿ ಬಾಯಿಬಿಡಬಾರದೇ ಅನಿಸಿತು. ಎಷ್ಟು ಚಳಿಗಾಲ ಆ ಹೆಣ್ಣುಮಗಳು ಕೈ ಬಿರಿದುಕೊಂಡು ಮೆಟ್ಟಿಲು ಉಜ್ಜಿದ್ದಳು! ಹಾರ್ಮೋನಿಯಂ ಸರಿಸಿಕೊಡದವನು ತಾನು. ಗಾಜು ಹಾಕಿಸಿದವನೂ ತಾನೇ. ಸಂಜೆ ಅವಳು ರೈಲಿಳಿದು ಈ ಬೀದಿಯಲ್ಲಿ ಹೇಗೆ ನಡೆದು ಬರಬೇಕು? ಏನಾದರೂ ಹೇಳಲೇಬೇಕಿತ್ತು. ಬಾಯಿಗೆ ಬಂದದ್ದನ್ನು ಹೇಳಿಬಿಟ್ಟ.

"ಅದು ಒಲೆ ಬೂದಿ ಅಲ್ಲ. ತಂಬಾಕಿನ ಬೂದಿ. ನಂದು."

ಬೀದಿ ಬೆಚ್ಚಿಬಿತ್ತು. ಯಾಕೆಂದರೆ ಎಫ್ರೇಮ್ ಕೆರ್ಷಾ ಚಾಪೆಲ್ಲಿನ, ಅಂದರೆ ಅವರ ಪುಟ್ಟ ಚರ್ಚಿನ, ತಂಬಾಕು ವಿರೋಧಿ ಸಂಘದ ಕಾರ್ಯದರ್ಶಿ. ಹೊಗೆ ಸೇದುವವರನ್ನು ಕಂಡರೆ ರಸ್ತೆ ದಾಟಿ ಹೋಗಿ ಬುದ್ಧಿ ಹೇಳುವ ಆಸಾಮಿ. ಬರುವ ಶುಕ್ರವಾರ ಹಬ್ಬದ ಮೆರವಣಿಗೆಯಲ್ಲಿ ಚಾಪೆಲ್ಲಿನ ರೇಷ್ಮೆ ಬಾವುಟ ಹಿಡಿದು ಮುಂದೆ ನಡೆಯುವ ಭಾಗ್ಯ ಅವನಿಗೆ ಒಲಿದಿತ್ತು. ಅದಕ್ಕಾಗಿ ವರ್ಷಗಟ್ಟಲೆ ಕಾದಿದ್ದ. ಕನ್ನಡಿಯ ಮುಂದೆ ಪೊರಕೆ ಹಿಡಿದು ನಡೆದು ಅಭ್ಯಾಸವನ್ನೂ ಮಾಡಿದ್ದ.

"ಏನಂದ್ರಿ, ಸಹೋದರ ಕೆರ್ಷಾ?"

ಹಿಂದಿನಿಂದ ಬಂದ ದನಿ ಪಾದ್ರಿ ಪಿಲ್ಲಿಂಗ್ ಅವರದು. ಯಂತ್ರ ನೋಡುವ ಚಪಲಕ್ಕೆ ಅವರೂ ಬಂದಿದ್ದರು.

ಕೆರ್ಷಾ ತಿರುಗಿ ನಿಂತ. "ಹೌದು ಪಾದ್ರಿಗಳೇ. ಸೆಲೀನಾ ಇಲ್ದಾಗ... ಮುಂದಿನ ಕೋಣೇಲಿ ಕೂತು... ಚಿಲುಮೆ ಸೇದ್ತೀನಿ. ಆಮೇಲೆ ಕಾರ್ಪೆಟ್ ಮೂಲೆ ಎತ್ತಿ ಬೂದಿ ಅಲ್ಲಿಗೆ ಕೊಡವಿ, ಕಾಲಲ್ಲಿ ಸವರಿಬಿಡ್ತೀನಿ. ಪಾಪ, ಅವಳಿಗೆ ಏನೂ ಗೊತ್ತಿಲ್ಲ."

"ಎಷ್ಟು ಕಾಲದಿಂದ?"

ಕೆರ್ಷಾ ಗಾಜಿನ ಕಡೆ ನೋಡಿದ. ಬೂದಿ ಇನ್ನೂ ಬರುತ್ತಲೇ ಇತ್ತು. "ತುಂಬಾ ಕಾಲದಿಂದ" ಎಂದ.

ಪಾದ್ರಿಗಳು ಕಣ್ಣು ಮುಚ್ಚಿ ತೆರೆದರು. "ಬಾವುಟದ ವಿಷಯ ಇನ್ನು ಬಿಡಿ. ಸಂಘದ ಕಡೆ ತಲೆ ಹಾಕ್ಬೇಡಿ. ನಾನು ನಿಮ್ಮನ್ನ ಮಗನ ಥರ ನಂಬಿದ್ದೆ" ಎಂದರು. ಆ ಕೊನೆಯ ಮಾತು ಕೆರ್ಷಾನಿಗೆ ಬೈಗುಳಕ್ಕಿಂತ ಹೆಚ್ಚು ಚುಚ್ಚಿತು. ಆದರೂ ಹೆಂಡತಿಯ ಹೆಸರು ಉಳಿಯಿತಲ್ಲ ಎಂದು ಹಲ್ಲುಕಚ್ಚಿ ನಿಂತ.

ಇಲ್ಲಿಗೆ ಮುಗಿಯಬೇಕಿತ್ತು. ಹ್ಯಾನಾ ಕ್ಲೆಗ್ ಮುಗಿಯಗೊಡಲಿಲ್ಲ. ಸೆಲೀನಾ ತಪ್ಪಿಸಿಕೊಂಡದ್ದು ಅವಳಿಗೆ ಸಹಿಸಲಾಗಲಿಲ್ಲ. "ಮೇಸ್ತ್ರಿಗಳೇ, ಹೊತ್ತಿದೆ ತಾನೇ? ನಮ್ಮನೇಗೂ ಹಾಕಿ ಕೊಳವೆ. ಗಾಜು ಬಿಚ್ಬೇಡಿ. ಹೆಂಗಸು ಸರಿಯಾಗಿ ಬಡಿದಿರೋ ಕಾರ್ಪೆಟ್ ಹೇಗಿರುತ್ತೆ ಅಂತ ಇವ್ರೆಲ್ಲ ಒಂದ್ಸಲ ನೋಡ್ಲಿ" ಎಂದಳು.

ಗ್ರೀವ್ಸ್ ಕೊಳವೆ ಆ ಕಡೆ ತಿರುಗಿಸಿದ. ಎಂಜಿನ್ ಗಡಗಡ ಅಂದಿತು. ಗಾಜಿನಲ್ಲಿ ಕಂದು ಬಂತು, ಕಪ್ಪು ಬಂತು, ಬೂದು ಬಂತು. ಕೆರ್ಷಾನ ಮನೆಯದಕ್ಕಿಂತ ಒಂದು ಹಿಡಿ ಹೆಚ್ಚೇ ಬಂತು.

ಬೀದಿಯೆಲ್ಲ ಹ್ಯಾನಾಳ ಕಡೆ ತಿರುಗಿತು. ಹ್ಯಾನಾ ನಿಧಾನವಾಗಿ ಗಂಡನ ಕಡೆ ತಿರುಗಿದಳು. ಸೆಥ್ ಕ್ಲೆಗ್‌ಗೆ ಉಬ್ಬಸ. ಒಲೆಯ ಹೊಗೆ ಕಂಡರೂ ಕೆಮ್ಮುವ ಪ್ರಾಣಿ.

"ರೀ, ಏನಾದ್ರೂ ಹೇಳೋದಿದ್ಯಾ ನಿಮ್ಗೆ?" ಹ್ಯಾನಾ ಕೇಳಿದಳು. ಅವಳ ಕಣ್ಣಿನಲ್ಲಿ ಅವನಿಗೆ ಮುಂದಿನ ಹಲವು ವರ್ಷ ರಾತ್ರಿಯೂಟ ತಪ್ಪುವುದು ಕಾಣುತ್ತಿತ್ತು.

ಸೆಥ್ ಹೆಂಡತಿಯನ್ನು ನೋಡಿದ, ಗಾಜನ್ನು ನೋಡಿದ, ಚಹಾ ಲೋಟ ಕೆಳಗಿಟ್ಟ. "ನಾನೂ... ಸೇದ್ತೀನಿ" ಎಂದು ಕೆಮ್ಮಿದ.

ಅಷ್ಟಾದ ಮೇಲೆ ಯಾವ ಮನೆಯವರು ಸುಮ್ಮನಿರಲು ಸಾಧ್ಯ? ಯಂತ್ರ ಬೇಡವೆಂದರೆ ಆ ಮನೆಯಾಕೆ ಏನನ್ನೋ ಮುಚ್ಚಿಡುತ್ತಿದ್ದಾಳೆ ಎಂದಾಗುತ್ತಿತ್ತು. ಕೊಳವೆ ಒಂದೊಂದಾಗಿ ಎಲ್ಲ ಮನೆಗಳನ್ನೂ ಹೊಕ್ಕಿತು. ಪ್ರತಿ ಮನೆಯ ಧೂಳೂ ಗಾಜಿನಲ್ಲಿ ಕಂಡಿತು, ಪ್ರತಿ ಹೆಂಡತಿಯೂ ಗಂಡನ ಕಡೆ ತಿರುಗಿದಳು, ಪ್ರತಿ ಗಂಡನೂ ನೆಲ ನೋಡುತ್ತ ತಪ್ಪೊಪ್ಪಿಕೊಂಡ. ಎಂಬತ್ತು ದಾಟಿದ, ಹಲ್ಲಿಲ್ಲದ ಮುದುಕನೊಬ್ಬ ಕಿವಿ ಕೇಳಿಸದಿದ್ದರೂ ಸೊಸೆಯ ಮುಖ ನೋಡಿ "ಹೂಂ, ನಾನೇ" ಎಂದ. ಪಾದ್ರಿ ಪಿಲ್ಲಿಂಗ್ ಯಂತ್ರದ ಗಾಡಿಗೆ ಒರಗಿ ನಿಂತುಬಿಟ್ಟರು. ಬಾವುಟ ಹಿಡಿಯಲು ಬೀದಿಯಲ್ಲಿ ಒಬ್ಬ ಗಂಡಸೂ ಉಳಿಯಲಿಲ್ಲ.

ಗಂಡಸರೆಲ್ಲ ಕೆರ್ಷಾನನ್ನು ತಿನ್ನುವಂತೆ ನೋಡಿದರು. "ಬಾಯಿ ಮುಚ್ಕೊಂಡಿದ್ದಿದ್ರೆ ಏನಾಗ್ತಿತ್ತಯ್ಯ ನಿಂಗೆ?" ಎಂದು ಸೆಥ್ ಉಬ್ಬಸದ ನಡುವೆ ಪಿಸುಗುಟ್ಟಿದ.

ಸಂಜೆ ಕೆರ್ಷಾ, ಕೊಳವೆ ಸುತ್ತುತ್ತಿದ್ದ ಗ್ರೀವ್ಸ್‌ನ ಬಳಿ ಹೋಗಿ, "ನೀವು ಇಷ್ಟೊಂದು ಕೊಳಕು ಬೀದಿ ಎಲ್ಲೂ ನೋಡಿರಲಿಕ್ಕಿಲ್ಲ, ಅಲ್ವಾ?" ಎಂದು ಕೇಳಿದ.

"ಕೊಳಕಾ?" ಗ್ರೀವ್ಸ್‌ಗೆ ಆಶ್ಚರ್ಯವಾಯಿತು. "ಇದೇನು ಮಹಾ ಸ್ವಾಮಿ! ಗಿರಣಿ ಮಸಿ, ಒಲೆ ಮಸಿ, ಎಲ್ಲಾರ ಮನೇಲೂ ಇರೋದೇ. ಬೆಳಗ್ಗೆ ನಿಮ್ಮ ಮಾಲೀಕರ ಬಂಗಲೇಲಿ ಇದರ ನಾಲ್ಕರಷ್ಟು ಬಂತು."

"ಮತ್ತೆ ಇದನ್ನ ಆಗ್ಲೇ ಹೇಳ್ಬಾರ್ದಿತ್ತೇನ್ರೀ!"

"ಯಾರೂ ಕೇಳ್ಲಿಲ್ಲ" ಎಂದು ಗ್ರೀವ್ಸ್ ಗಾಡಿ ಹತ್ತಿದ.

ಕೆರ್ಷಾ ಒಳಗೆ ಬಂದು ಕೂತ. ಮಾನ ಹೋಯಿತು, ಬಾವುಟ ಹೋಯಿತು, ಸ್ನೇಹಿತರೂ ಹೋದರು. ಆದರೆ ಸೆಲೀನಾ ಬರುತ್ತಾಳೆ, ನಡೆದದ್ದೆಲ್ಲ ಕೇಳುತ್ತಾಳೆ, ತನಗಾಗಿ ಗಂಡ ಎಂಥ ಕಳಂಕ ಹೊತ್ತ ಎಂದು ಕಣ್ಣಲ್ಲಿ ನೀರು ತಂದುಕೊಳ್ಳುತ್ತಾಳೆ. ಅಷ್ಟಾದರೆ ಸಾಕು ಎಂದುಕೊಂಡ.

ಸೆಲೀನಾ ಬಂದಳು. ಸ್ಟೇಷನ್ನಿನಿಂದ ಮನೆಯವರೆಗೂ ಸಿಕ್ಕವರೆಲ್ಲ ಅವಳ ಕೈ ಹಿಡಿದು ಸಮಾಧಾನ ಹೇಳಿದ್ದರು. ಬಾಗಿಲು ಹಾಕಿ, ಅಗುಳಿ ಜಡಿದು, ಟೋಪಿಯನ್ನೂ ತೆಗೆಯದೆ ಕುರ್ಚಿಯಲ್ಲಿ ಕುಸಿದಳು. ಮುಖ ಸುಣ್ಣದಂತಾಗಿತ್ತು. ನಿಜವಾಗಿಯೂ ಕಣ್ಣಲ್ಲಿ ನೀರಿತ್ತು.

"ಯಾವಾಗ ಗೊತ್ತಾಯ್ತು ನಿಮ್ಗೆ?" ಎಂದಳು.

"ಏನು ಯಾವಾಗ ಗೊತ್ತಾಯ್ತು?"

"ನನ್ನನ್ನ ಒಬ್ಳೇ ಇದ್ದಾಗ ಕರೆದು ಕೇಳ್ಬಹುದಿತ್ತು. ಬೀದಿ ಜನದ ಮುಂದೆ, ಪಾದ್ರಿಗಳ ಮುಂದೆ, ಹಾಗೆ ಒಂದೊಂದೇ ಬಿಡಿಸಿ ಹೇಳೋದಾ? ಮೂಲೆ ಎತ್ತೋದು, ಕಾಲಲ್ಲಿ ಸವರೋದು... ಕಿಂಡೀಲಿ ನಿಂತು ನೋಡ್ತಿದ್ರಾ ನನ್ನ?"

ಕೆರ್ಷಾನ ಬಾಯಿ ತೆರೆದೇ ಇತ್ತು. "ಸೆಲೀನಾ, ನೀನು... ಚಿಲುಮೆ?"

ಅವಳು ತಲೆ ಬಗ್ಗಿಸಿದಳು. "ನಮ್ಮಜ್ಜಿ ಕಲ್ಸಿದ್ದು. ಗುರುವಾರ ಮಾತ್ರ ಕಣ್ರೀ. ನೀವು ಸಂಘದ ಸಭೆಗೆ ಹೋದ್ಮೇಲೆ."

ಕೆರ್ಷಾ ಪಕ್ಕದ ಕುರ್ಚಿಯಲ್ಲಿ ಕೂತ. ಪ್ರತಿ ಗುರುವಾರ ತಾನು ಮೇಜು ಕುಟ್ಟಿ ಕುಟ್ಟಿ ತಂಬಾಕಿನ ಕೇಡುಗಳನ್ನು ವಿವರಿಸುತ್ತಿದ್ದ. ಮನೆಗೆ ಬಂದು ಅದನ್ನೇ ಇನ್ನೊಮ್ಮೆ ಸೆಲೀನಾಳಿಗೆ ಒಪ್ಪಿಸುತ್ತಿದ್ದ. ಅವಳು ಪುದೀನ ಮಿಠಾಯಿ ಚೀಪುತ್ತ ಹೂಂಗುಟ್ಟುತ್ತಿದ್ದಳು. ಅವನಿಗೆ ಕೋಪ ಬರಬೇಕಿತ್ತು, ಆದರೆ ಬಂದದ್ದು ನಾಚಿಕೆ. ಇಷ್ಟು ವರ್ಷ ಒಂದೇ ಸೂರಿನಡಿ ಇದ್ದು, ಹೆಂಡತಿ ತನಗೆ ಹೆದರಿ ಮೂಲೆ ಎತ್ತುವಂತಾಯಿತಲ್ಲ ಎಂಬ ನಾಚಿಕೆ.

"ನಂಗೆ ಏನೂ ಗೊತ್ತಿರ್ಲಿಲ್ಲ ಕಣೇ. ನಿನ್ನ ಹೆಸರು ಉಳಿಸೋಕೆ ಸುಳ್ಳು ಹೇಳ್ದೆ" ಎಂದ.

ಸೆಲೀನಾ ಅವನನ್ನೇ ದಿಟ್ಟಿಸಿ ನೋಡಿದಳು. ಅವಳ ಮುಖಕ್ಕೆ ನಿಧಾನವಾಗಿ ಬಣ್ಣ ಮರಳಿತು. ಕಣ್ಣೊರೆಸಿಕೊಂಡಳು. ಟೋಪಿ ತೆಗೆದಳು. ಆಮೇಲೆ ಏನೋ ಹೊಳೆದವಳಂತೆ ಕೇಳಿದಳು:

"ಹಾಗಾದ್ರೆ ಬೀದಿಯವ್ರಿಗೆ ಸೇದೋರು ನೀವೇ, ಅಲ್ವಾ?"

"ಹೌದು."

"ನಿಮ್ಮನ್ನ ಸಂಘದಿಂದ ತೆಗೆದ್ರು."

"ತೆಗೆದ್ರು."

"ಅಂದ್ರೆ ಗುರುವಾರ ಸಂಜೆ ಮನೇಲೇ ಇರ್ತೀರಿ" ಎಂದು ಸೆಲೀನಾ ಯೋಚಿಸುತ್ತ ಹೇಳಿದಳು.

ಶುಕ್ರವಾರದ ಮೆರವಣಿಗೆಯಲ್ಲಿ ಬಾವುಟವನ್ನು ಪಾದ್ರಿ ಪಿಲ್ಲಿಂಗ್ ತಾವೇ ಹಿಡಿದು ಏದುಸಿರು ಬಿಡುತ್ತ ನಡೆದರು. ಬೀದಿಯ ಗಂಡಸರೆಲ್ಲ ಹಿಂದಿನ ಸಾಲಿನಲ್ಲಿ ನೆಲ ನೋಡುತ್ತ ನಡೆದರು.

ಮುಂದಿನ ಗುರುವಾರ ಸಂಜೆ ಕೆರ್ಷಾನ ಮನೆಯ ಮುಂದಿನ ಕೋಣೆಯ ಕಿಟಕಿ ತೆರೆದಿತ್ತು. ಕಿಟಕಿಯಲ್ಲಿ ಎಲ್ಲರಿಗೂ ಕಾಣುವಂತೆ ಕೆರ್ಷಾ ಕೂತಿದ್ದ. ಬಾಯಲ್ಲಿ ಖಾಲಿ ಚಿಲುಮೆ. ಬೆನ್ನ ಹಿಂದೆ, ಪರದೆಯ ಮರೆಯಲ್ಲಿ, ಸೆಲೀನಾ ಕಾಲು ಚಾಚಿಕೊಂಡು ತುಂಬಿದ ಚಿಲುಮೆ ಎಳೆಯುತ್ತಿದ್ದಳು. ಹೊಗೆ ಕೆರ್ಷಾನ ತಲೆ ಸುತ್ತಿ ಬೀದಿಗೆ ಹೋಗುತ್ತಿತ್ತು. ಅವನ ಕಣ್ಣು, ಮೂಗು ಎರಡೂ ಸುರಿಯುತ್ತಿದ್ದವು.

ಎದುರು ಮೆಟ್ಟಿಲಲ್ಲಿ ನಿಂತಿದ್ದ ಹ್ಯಾನಾ ಕ್ಲೆಗ್ ಪಕ್ಕದವಳಿಗೆ ಹೇಳಿದಳು, "ನೋಡು, ಇನ್ನೂ ಬಿಟ್ಟಿಲ್ಲ. ದೇವತೆಯಂಥ ಸೆಲೀನಾಗೆ ಎಂಥಾ ಗಂಡ ಸಿಕ್ಕಿದ ನೋಡು!"

ಪರದೆಯ ಹಿಂದಿನಿಂದ ಸೆಲೀನಾ ಮೆಲ್ಲಗೆ ಅಂದಳು, "ತಲೆ ಇನ್ನೂ ಸ್ವಲ್ಪ ತಗ್ಗಿಸ್ರೀ. ನಾಚಿಕೆ ಆದ ಹಾಗೆ ಕಾಣ್ಬೇಕು."

ಕೆರ್ಷಾ ತಲೆ ತಗ್ಗಿಸಿದ. ಅದಕ್ಕೆ ಅವನು ನಟಿಸಬೇಕಾಗಿ ಬರಲಿಲ್ಲ.