ಜನರೇಟರ್‌ರವರ ಪ್ರೊಬೇಷನ್ ಅವಧಿ

ಕಳೆದ ಜೂನ್ ತಿಂಗಳ ಎರಡನೇ ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಸರಿಯಾಗಿ ಚಿಕ್ಕಬಳ್ಳಾಪುರದ ಸಂಚಾರಿ ನೇತ್ರ ತಪಾಸಣಾ ಘಟಕದಲ್ಲಿ ಒಂದು ಪೋರ್ಟಬಲ್ ಜನರೇಟರ್ ಹಾಜರಾಯಿತು. ಡ್ರೈವರ್ ಬಯ್ಯಪ್ಪನನ್ನು ಬಿಟ್ಟರೆ ಅಂದು ಕಚೇರಿಗೆ ಹೊತ್ತಿಗೆ ಸರಿಯಾಗಿ ಹಾಜರಾದದ್ದು ಅದೊಂದೇ.

ಘಟಕಕ್ಕೆ ಒಂದು ಕ್ಯಾರವಾನ್ ಇತ್ತು. ಉದ್ದನೆಯ ಬಿಳೀ ಗಾಡಿ. ಒಳಗೆ ಕಣ್ಣಿನ ನಂಬರ್ ನೋಡುವ ಮೆಷಿನ್ನು, ಪೊರೆ ನೋಡುವ ಮೆಷಿನ್ನು, ತಿರುಗುವ ಕುರ್ಚಿ ಎಲ್ಲ ಇದ್ದವು. ಇಲ್ಲದೆ ಇದ್ದದ್ದು ಕರೆಂಟು. ಗಾಡಿ ಹಳ್ಳಿಗೆ ಹೋದಾಗ ಅಲ್ಲಿ ಕರೆಂಟು ಇರುತ್ತಿರಲಿಲ್ಲ; ಇದ್ದರೆ, ಅದನ್ನು ಎಳೆದುಕೊಳ್ಳಲು ಅನುಮತಿ ಇರುತ್ತಿರಲಿಲ್ಲ. ಆದ್ದರಿಂದ ಎರಡು ವರ್ಷದಿಂದ ಶಿಬಿರಗಳಲ್ಲಿ ಕಣ್ಣು ನೋಡುವ ಬದಲು ಹೆಸರು ಬರೆದುಕೊಳ್ಳುತ್ತಿದ್ದರು. ಹೀಗೆ ಒಂಬತ್ತು ಸಾವಿರ ಹೆಸರುಗಳು ಕೂಡಿಬಂದು, ಹೆಸರು ಸಂಗ್ರಹದಲ್ಲಿ ಘಟಕವು ಶೇಕಡಾ ನೂರರ ಸಾಧನೆ ಮಾಡಿತ್ತು. ಒಂಬತ್ತು ಸಾವಿರದಲ್ಲಿ ಮೂರು ಸಲ ಬಂದಿದ್ದ ಒಂದು ಹೆಸರು ಜಂಗಮಕೋಟೆಯ ಅಶ್ವತ್ಥಮ್ಮನದು. ಆಕೆ ಬಯ್ಯಪ್ಪನ ಅಕ್ಕ. ಬಲಗಣ್ಣು ಮಂಜಾಗಿ ವರ್ಷವಾಗಿತ್ತು, ಎಡಗಣ್ಣು ಅದರ ಹಿಂದೆಯೇ ಹೊರಟಿತ್ತು. ರೇಷ್ಮೆ ಹುಳು ಮನೆಯಲ್ಲಿ ಸೊಪ್ಪು ಹಾಕುವಾಗ ಹುಳು ಯಾವುದು, ಸೊಪ್ಪಿನ ದಂಟು ಯಾವುದು ಅಂತ ಮುಟ್ಟಿ ನೋಡುತ್ತಿದ್ದಳು.

ಬಯ್ಯಪ್ಪ ಡ್ರೈವರ್ ಆಗುವ ಮುಂಚೆ ಶಿಡ್ಲಘಟ್ಟದಲ್ಲಿ ಮೈಕ್‌ಸೆಟ್ಟು, ಸೀರಿಯಲ್ ಲೈಟು ಬಾಡಿಗೆಗೆ ಕೊಡುವ ಅಂಗಡಿ ಇಟ್ಟಿದ್ದವನು. ಜನರೇಟರ್ ಕೆಮ್ಮಿದರೆ ಪ್ಲಗ್ಗೋ ಫಿಲ್ಟರೋ ಅಂತ ರಸ್ತೆಯ ಆ ಬದಿಯಿಂದಲೇ ಹೇಳುತ್ತಿದ್ದ. ಹೊಸ ಮೆಷಿನ್ನಿನ ರಟ್ಟು ಬಿಚ್ಚಿ, ಒರೆಸಿ, ಆಯಿಲ್ ಹಾಕಿ, ಕಡ್ಡಿ ಅದ್ದಿ ಮಟ್ಟ ನೋಡಿ, ಸೂಪರಿಂಟೆಂಡೆಂಟ್ ನರೇಂದ್ರರ ಮೇಜಿನ ಮುಂದೆ ಬಂದು ನಿಂತ.

"ಸಾರ್, ಹೊಸಾ ಮೆಷಿನ್ನು. ಮೊದಲ ಇಪ್ಪತ್ತು ಗಂಟೆ ಅರ್ಧ ಲೋಡಲ್ಲೇ ಓಡಿಸಬೇಕು. ಒಳಗಡೆ ಪಿಸ್ಟನ್ನು, ರಿಂಗು ಒಂದಕ್ಕೊಂದು ಹೊಂದ್ಕೋಬೇಕಲ್ಲ. ಆಮೇಲೆ ಆಯಿಲ್ ಬದಲಾಯಿಸಿಬಿಟ್ರೆ ಪೂರ್ತಿ ಕೆಲಸ ತಗೋಬಹುದು."

"ಬರವಣಿಗೆಯಲ್ಲಿ ಕೊಡಿ," ಅಂದರು ನರೇಂದ್ರ.

ಬಯ್ಯಪ್ಪ ಬರೆದುಕೊಟ್ಟ: 'ಹೊಸದಾಗಿ ಬಂದಿರುತ್ತೆ. ಹೊಂದಿಕೊಳ್ಳುವ ತನಕ ಪೂರ್ತಿ ಕೆಲಸ ಕೊಡಬಾರದು. ಅರ್ಧ ಕೊಡಬಹುದು.'

ಬಯ್ಯಪ್ಪ ಮಾಡಿದ ತಪ್ಪು ಇದೊಂದೇ. ಹೊಸದಾಗಿ ಬಂದು, ಹೊಂದಿಕೊಳ್ಳುವ ತನಕ ಅರ್ಧ ಕೆಲಸ ಮಾಡುವುದಕ್ಕೆ ಕಚೇರಿಯ ಭಾಷೆಯಲ್ಲಿ ಒಂದು ಹೆಸರು ಆಗಲೇ ಇತ್ತು. ನರೇಂದ್ರ ಕಡತದ ಮೇಲೆ ಕೆಂಪು ಶಾಯಿಯಲ್ಲಿ 'ಪ್ರೊಬೇಷನ್' ಎಂದು ಬರೆದು, ಜನರೇಟರ್‌ಗೆ ಸೇವಾ ಪುಸ್ತಕ ತೆರೆದರು.

ತಂದೆಯ ಹೆಸರು ಎಂಬಲ್ಲಿ ಕಂಪನಿಯ ಹೆಸರು ಹಾಕಲಾಯಿತು. ಜನ್ಮ ದಿನಾಂಕ ತಳದ ತಗಡಿನಲ್ಲಿ ಸಿಕ್ಕಿತು. ಗುರುತಿನ ಚಿಹ್ನೆ: ಹಿಡಿಯ ಎಡಭಾಗದಲ್ಲಿ ತರಚಿದ ಗಾಯ. ತೂಕ: ಇಪ್ಪತ್ತೊಂದು ಕೆಜಿ, ಖಾಲಿ ಹೊಟ್ಟೆಯಲ್ಲಿ. ದೃಷ್ಟಿ ಪರೀಕ್ಷೆಯ ಪ್ರಮಾಣಪತ್ರ ಬೇಕೆಂದಾಗ ಮಾತ್ರ ಸ್ವಲ್ಪ ತೊಡಕಾಯಿತು. ಪ್ರಮಾಣಪತ್ರ ಕೊಡಬೇಕಾದದ್ದು ಇದೇ ಘಟಕ. ಘಟಕದ ಮೆಷಿನ್ನು ನಡೆಯಲು ಜನರೇಟರ್ ಬೇಕು. ದೃಷ್ಟಿ ಪರೀಕ್ಷೆ ಆಗದೆ ಜನರೇಟರನ್ನು ಚಾಲೂ ಮಾಡುವಂತಿಲ್ಲ. ಮೂರು ವಾರ ಕಳೆದ ಮೇಲೆ ಕಣ್ಣಿನ ಟೆಕ್ನಿಷಿಯನ್ ತನುಜ ಅಕ್ಷರದ ಬೋರ್ಡನ್ನು ಹೊಂಗೆ ಮರಕ್ಕೆ ನೇತುಹಾಕಿ, ಇಪ್ಪತ್ತು ಅಡಿ ದೂರದಲ್ಲಿ ಜನರೇಟರನ್ನು ಇಟ್ಟು, 'ಅಭ್ಯರ್ಥಿಯು ಯಾವ ಅಕ್ಷರವನ್ನೂ ತಪ್ಪಾಗಿ ಓದಿರುವುದಿಲ್ಲ' ಎಂದು ಬರೆದು ಸಹಿ ಹಾಕಿದಳು. ಆಕೆ ಗುತ್ತಿಗೆ ನೌಕರಳು. ಸಹಿ ಹಾಕುವುದು ಅವಳ ಕರಾರಿನಲ್ಲಿತ್ತು.

ಮುಂದಿನ ತೊಡಕು ಕೈಪಿಡಿಯಿಂದ ಬಂತು. ಅದರಲ್ಲಿ ಈ ಇಪ್ಪತ್ತು ಗಂಟೆಗಳನ್ನು 'ರನ್ನಿಂಗ್ ಇನ್' ಎಂದು ಕರೆದಿದ್ದರು. 'ಇನ್' ಎಂದಿರುವುದರಿಂದ ಒಳಗೇ ಓಡಿಸತಕ್ಕದ್ದು ಎಂದು ನರೇಂದ್ರ ಅಭಿಪ್ರಾಯಪಟ್ಟರು.

"ಒಳಗಡೆ ಬೇಡ ಸಾರ್," ಅಂದ ಬಯ್ಯಪ್ಪ. "ಹೊಗೆ ತುಂಬ್ಕೊಂಡ್ರೆ ಕೂತಲ್ಲೇ ಪ್ರಾಣ ಹೋಗುತ್ತೆ. ಹತ್ತು ಹೆಜ್ಜೆ ಆಚೆ, ಗಾಳಿ ಆಡೋ ಕಡೆ ಇಡಬೇಕು."

"ಯಾರ ಪ್ರಾಣ?"

"ಕೋಣೆಯೊಳಗೆ ಇರೋರದು ಸಾರ್. ಅಂದ್ರೆ ತಮ್ಮದು."

ಮರುದಿನವೇ ಉಪನಿರ್ದೇಶಕಿ ಯಾಮಿನಿ ಮೇಡಂ ಸಹಿ ಮಾಡಿದ ಸುತ್ತೋಲೆ ಹೊರಬಿತ್ತು: 'ಹೊಂಗೆ ಮರದ ಕೆಳಗಿನ ಆರು ಅಡಿ ಜಾಗವನ್ನು ಇನ್ನು ಮುಂದೆ ಒಳಗೆ ಎಂದು ಪರಿಗಣಿಸತಕ್ಕದ್ದು.' ಅಂದಿನಿಂದ ಸಿಬ್ಬಂದಿ ಮರದ ಕೆಳಗೆ ಟೀ ಕುಡಿಯುತ್ತಿದ್ದರೂ ಕಚೇರಿಯೊಳಗೆ ಇದ್ದಂತೆಯೇ ಆಯಿತು. ಹಾಜರಾತಿ ಗಣನೀಯವಾಗಿ ಸುಧಾರಿಸಿತು.

ಅರ್ಧ ಲೋಡಿನ ತರಬೇತಿಯೂ ಶುರುವಾಯಿತು. ಮೊದಲ ಒಂಬತ್ತು ಗಂಟೆ ಜನರೇಟರ್ ನರೇಂದ್ರರ ಕೋಣೆಯ ಕೂಲರ್ ತಿರುಗಿಸುವುದನ್ನು ಕಲಿಯಿತು. ಅನಂತರ ಅವರ ಹೊಸ ಮನೆಯ ಗೃಹಪ್ರವೇಶ ಬಂತು. ನಿಯಮ ಮುರಿಯುವವರಲ್ಲ ಅವರು. ಅರ್ಧ ಲೋಡು ಎಂದರೆ ಅರ್ಧ ಮನೆ ಎಂದು ಲೆಕ್ಕ ಹಾಕಿ, ಹಾಲಿಗೂ ಅಡುಗೆಮನೆಗೂ ಮಾತ್ರ ದೀಪ ಹಾಕಿಸಿ, ಉಳಿದ ಕೋಣೆಗಳಲ್ಲಿ ನೆಂಟರನ್ನು ಕತ್ತಲೆಯಲ್ಲೇ ಕೂರಿಸಿದರು. ಆರು ಗಂಟೆ ಓಡಿತು. ಸೇವಾ ಪುಸ್ತಕದಲ್ಲಿ 'ಹೊರ ಕರ್ತವ್ಯ, ತೃಪ್ತಿಕರ' ಎಂದು ನಮೂದಾಯಿತು. ಬಯ್ಯಪ್ಪ ಪ್ರತಿಸಲವೂ ಜೊತೆಗೆ ಹೋಗಿ, ಸಮನಾದ ನೆಲ ಹುಡುಕಿ ಇಟ್ಟು, ಬಿಸಿಯಿದ್ದಾಗ ಪೆಟ್ರೋಲ್ ಹಾಕಲು ಬಂದವರ ಕೈ ತಡೆದು, ಸ್ಪಂಜಿನ ಫಿಲ್ಟರ್ ತೊಳೆದು ಒಣಗಿಸಿ ತಂದ. ಮೆಷಿನ್ನಿನ ಮೇಲೆ ಅವನಿಗೆ ಸಿಟ್ಟಿರಲಿಲ್ಲ. ಅದು ಚೆನ್ನಾಗಿ ಹೊಂದಿಕೊಳ್ಳುತ್ತಿತ್ತು. ಸದ್ದು ದಿನದಿನಕ್ಕೂ ಮೆತ್ತಗಾಗುತ್ತಿತ್ತು.

ಅಷ್ಟರಲ್ಲಿ ಅಕ್ಕನ ಫೋನು ಬಂತು.

"ಬಯ್ಯಾ, ಜನರೇಟ್ರು ಬಂದೈತಂತೆ?"

"ಬಂದೈತೆ ಅಕ್ಕ. ಪ್ರೊಬೇಷನ್‌ನಲ್ಲೈತೆ."

"ಅದಕ್ಕೇನು ಕಾಯಿಲೆನಪ್ಪ?"

"ಕಾಯಿಲೆ ಅಲ್ಲಕ್ಕ. ಕಾಯಂ ಆಗೋ ತನಕ ಶಿಬಿರಕ್ಕೆ ಕಳಿಸಂಗಿಲ್ಲ. ಇನ್ನೂ ಎರಡು ವರ್ಷ ಕಾಯಬೇಕು. ನಿಯಮ."

"ನೆನ್ನೆ ಒಲೆ ಮೇಲಿದ್ದ ಪಾತ್ರೇನ ಕೆಳಗೈತೆ ಅನ್ಕೊಂಡೆ ಕಣಪ್ಪ. ಕೈ ಸುಟ್ಟೋಯ್ತು. ಇರ್ಲಿ, ನೀನು ನಿಯಮ ನೋಡ್ಕೊ. ಕೆಲಸ ಮುಖ್ಯ," ಅಂದಳು. ಅವಳು ಚುಚ್ಚಿ ಮಾತಾಡುವವಳಲ್ಲ; ನಿಜವಾಗಿಯೂ ಹಾಗೇ ಅಂದುಕೊಂಡಿದ್ದಳು. ಬಯ್ಯಪ್ಪ ಆ ದಿನ ಮಧ್ಯಾಹ್ನ ಶಿಬಿರಗಳ ಪಟ್ಟಿ ತೆಗೆದು ಜಂಗಮಕೋಟೆಯ ದಿನ ಯಾವುದೆಂದು ನೋಡಿಕೊಂಡ.

ಗುರುವಾರ ಬೆಳಿಗ್ಗೆ ಜಂಗಮಕೋಟೆಯಲ್ಲಿ ಹೆಸರು ಬರೆದುಕೊಳ್ಳುವ ಶಿಬಿರವಿತ್ತು. ಬಯ್ಯಪ್ಪ ಜನರೇಟರನ್ನು ಎತ್ತಿ ಕ್ಯಾರವಾನಿನ ಹಿಂದಿನ ಡಬ್ಬಿಯಲ್ಲಿಟ್ಟು ಬಾಗಿಲು ಹಾಕಿದ. ತನುಜ ನೋಡಿದಳು. "ಬಯ್ಯಪ್ಪಣ್ಣ, ಪರ್ಮಿಷನ್?" ಅಂದಳು.

"ನಿನ್ನ ಎರಡು ಮೆಷಿನ್ನೂ ಸೇರಿದ್ರೂ ಅರ್ಧ ಲೋಡು ಆಗಲ್ಲ ಕಣಮ್ಮ. ಗಾಡಿ ಹತ್ತು."

ಅವಳು ಹತ್ತಿದಳು.

ಜಂಗಮಕೋಟೆಯಲ್ಲಿ ಗಾಡಿಯಿಂದ ಹತ್ತು ಹೆಜ್ಜೆ ದೂರ, ಗಾಳಿಯ ಕೆಳಬದಿಗೆ ಜನರೇಟರ್ ಇಟ್ಟು ಹಗ್ಗ ಎಳೆದ. ಎರಡನೇ ಎಳೆತಕ್ಕೆ ಹತ್ತಿಕೊಂಡಿತು. ಐದು ಗಂಟೆಯಲ್ಲಿ ನಲವತ್ತಮೂರು ಜನರ ಕಣ್ಣು ನೋಡಿದರು. ಘಟಕದ ಇತಿಹಾಸದಲ್ಲಿ ಕಣ್ಣು ನೋಡಿದ್ದು ಅದೇ ಮೊದಲು. ಅಶ್ವತ್ಥಮ್ಮನ ಗದ್ದವನ್ನು ಮೆಷಿನ್ನಿನ ಮೇಲೆ ಇಡಿಸಿ ನೋಡಿದ ತನುಜ, "ಅಜ್ಜಿ, ಎರಡೂ ಕಣ್ಣಲ್ಲಿ ಪೊರೆ. ಬಲಗಣ್ಣಿಂದು ಪೂರ್ತಿ ಬಲಿತಿದೆ. ಈ ತಿಂಗಳಲ್ಲೇ ತೆಗೆಸಿದ್ರೆ ಎರಡೂ ಉಳೀತವೆ. ಇನ್ನೂ ಬಿಟ್ರೆ ಕಷ್ಟ," ಅಂದು ಚೀಟಿ ಬರೆದುಕೊಟ್ಟಳು. ಆಚೆ ನಿಂತಿದ್ದ ಬಯ್ಯಪ್ಪ ಚೀಟಿಯನ್ನು ಮಡಿಸಿ ಅಂಗಿಯ ಒಳಜೇಬಿಗೆ ಇಟ್ಟುಕೊಂಡ. ಮುಂದಿನ ವಾರ ತಾನೇ ಕರೆದುಕೊಂಡು ಹೋಗಿ ಬಲಗಣ್ಣಿನ ಆಪರೇಷನ್ ಮಾಡಿಸಿದ. ಪಟ್ಟಿ ಬಿಚ್ಚಿದಾಗ ಅಕ್ಕ ಮೊದಲು ನೋಡಿದ್ದು ಅವನನ್ನು. "ಇಷ್ಟೊಂದು ಬೆಳ್ಳಗಾಗಿದ್ದಾವೇನೋ ತಲೆಕೂದಲು," ಅಂದಳು.

ಕೂದಲು ಬೆಳ್ಳಗಾಗಲು ಕಾರಣ ಕಚೇರಿಯಲ್ಲಿ ಸಿದ್ಧವಾಗಿತ್ತು. ಎರಡು ನೋಟಿಸು. ಒಂದು ಬಯ್ಯಪ್ಪನಿಗೆ: ಪ್ರೊಬೇಷನ್‌ನಲ್ಲಿರುವ ನೌಕರರನ್ನು ಕೇಂದ್ರಸ್ಥಾನದಿಂದ ಅನಧಿಕೃತವಾಗಿ ಹೊತ್ತೊಯ್ದು ದುಡಿಸಿರುವ ಬಗ್ಗೆ. ಇನ್ನೊಂದು ಜನರೇಟರ್‌ಗೆ: ರಜೆ ಪಡೆಯದೆ ಗೈರುಹಾಜರಾಗಿರುವ ಬಗ್ಗೆ. ಏಳು ದಿನದೊಳಗೆ ಉತ್ತರಿಸತಕ್ಕದ್ದು. ಜನರೇಟರ್‌ನ ನೋಟಿಸನ್ನು ಅದರ ಹಿಡಿಗೆ ದಾರದಿಂದ ಕಟ್ಟಲಾಯಿತು.

ಬಯ್ಯಪ್ಪ ಮೂರು ಪುಟ ಬರೆದ. ಮೆಷಿನ್ನು ಇರುವುದು ಕಣ್ಣು ನೋಡುವುದಕ್ಕೆ, ಕಣ್ಣು ನೋಡಿದ್ದೇವೆ, ಲೋಡು ಅರ್ಧಕ್ಕಿಂತ ಕಡಿಮೆ ಇತ್ತು, ಐದು ಗಂಟೆ ಸೇರಿ ಇಪ್ಪತ್ತು ತುಂಬಿದೆ, ದಯವಿಟ್ಟು ಆಯಿಲ್ ಬದಲಾಯಿಸಲು ಅಪ್ಪಣೆ ಕೊಡಬೇಕು ಎಂದು ವಿವರವಾಗಿ ಬರೆದ. ಜನರೇಟರ್ ಏನೂ ಬರೆಯಲಿಲ್ಲ.

ವಿಚಾರಣೆ ಯಾಮಿನಿ ಮೇಡಂ ಎದುರು ನಡೆಯಿತು. ಅವರು ಎರಡೂ ಕಡತ ನೋಡಿದರು.

"ಬಯ್ಯಪ್ಪ ಮೂರು ಪುಟ ವಾದ ಮಾಡಿದ್ದಾರೆ," ಅಂದರು.

"ಹೌದು ಮೇಡಂ," ಅಂದರು ನರೇಂದ್ರ. "ಮೇಲಧಿಕಾರಿಗಳಿಗೆ ಕೆಲಸ ಕಲಿಸೋ ಧಾಟಿಯಲ್ಲಿದೆ."

"ಜನರೇಟರ್?"

"ಮೇಲಧಿಕಾರಿಗಳ ಮುಂದೆ ಒಂದು ಮಾತೂ ಎದುರಾಡಿಲ್ಲ ಮೇಡಂ."

ಆದೇಶ ಸಂಜೆಯೇ ಹೊರಟಿತು. ಬಯ್ಯಪ್ಪನಿಗೆ ಛೀಮಾರಿ. ಜನರೇಟರ್‌ಗೆ, ಅದರ ಸಂಯಮವನ್ನು ಪರಿಗಣಿಸಿ, ಪ್ರೊಬೇಷನ್ ಅವಧಿಯನ್ನು ಕಡಿತಗೊಳಿಸಿ ಸೇವೆ ಕಾಯಂ.

ಕಾಯಂ ಆದದ್ದರಿಂದ ಮತ್ತೊಂದು ವಿಷಯ ತಾನಾಗಿ ಮುಂದೆ ಬಂತು. ಶಿಬಿರಾಧಿಕಾರಿಯ ಹುದ್ದೆ ಮೂರು ವರ್ಷದಿಂದ ಖಾಲಿ ಇತ್ತು. ಕಾಯಂ ನೌಕರರಾಗಿದ್ದು, ಯಾವ ದೂರೂ ದಂಡನೆಯೂ ಇಲ್ಲದವರು ಮಾತ್ರ ಅರ್ಹರು. ನರೇಂದ್ರರ ಮೇಲೆ ನಾಲ್ಕು ದೂರುಗಳಿದ್ದವು. ತನುಜ ಗುತ್ತಿಗೆ. ಬಯ್ಯಪ್ಪನಿಗೆ ಛೀಮಾರಿಯಾಗಿತ್ತು. ಉಳಿದವರೆಲ್ಲ ಬೇರೆ ಕಚೇರಿಗಳಿಂದ ಎರವಲು ಬಂದವರು. ಪಟ್ಟಿಯಲ್ಲಿ ಕೊನೆಗೆ ಒಂದೇ ಹೆಸರು ಉಳಿಯಿತು. ಹಾರ ಹಾಕುವಾಗ ಗಾಳಿ ಒಳಹೋಗುವ ಜಾಗ ಮುಚ್ಚದಂತೆ ಬಯ್ಯಪ್ಪ ನೋಡಿಕೊಂಡ.

ಅವನ ಚಿಂತೆ ಬೇರೆಯೇ ಇತ್ತು. ಆಯಿಲ್ ಕಪ್ಪಗಾಗಿತ್ತು. ಮೊದಲ ಆಯಿಲ್‌ನಲ್ಲಿ ಲೋಹದ ಪುಡಿ ಇರುತ್ತದೆ. ಹಾಗೇ ಬಿಟ್ಟರೆ ಒಳಗೆಲ್ಲ ಗೀರು ಬೀಳುತ್ತದೆ. ಆದರೆ ಕೆಳದರ್ಜೆಯ ನೌಕರನೊಬ್ಬ ಶಿಬಿರಾಧಿಕಾರಿಯವರ ತಳದ ನಟ್ಟು ಬಿಚ್ಚುವುದು ಹೇಗೆ?

"ಅವರನ್ನೇ ಕೇಳಿ," ಅಂದರು ನರೇಂದ್ರ. "ಕಡತ ಅವರ ಮುಂದೆ ಮಂಡಿಸಿ. ಮೂರು ದಿನದಲ್ಲಿ ಆಕ್ಷೇಪಣೆ ಬರದೆ ಇದ್ರೆ ಒಪ್ಪಿಗೆ ಅಂತ ಅರ್ಥ."

ಬಯ್ಯಪ್ಪ ಕಡತವನ್ನು ಜನರೇಟರ್ ಮುಂದೆ ಇಟ್ಟು, ಹಾರದಂತೆ ಒಂದು ಕಲ್ಲು ಹೇರಿದ. ಮೂರು ದಿನ ಕಾದ. ನಾಲ್ಕನೆಯ ದಿನ ಐದು ನಿಮಿಷ ಓಡಿಸಿ ಬೆಚ್ಚಗೆ ಮಾಡಿ, ನಟ್ಟು ಬಿಚ್ಚಿ, ಕಪ್ಪು ಆಯಿಲ್ ಪೂರ್ತಿ ಬಸಿದು, ಹೊಸದು ಹಾಕಿ ಬಿಗಿದ. ಕೈ ಒರೆಸಿಕೊಳ್ಳುತ್ತ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದ. ಆಮೇಲೆ ಗಾಡಿಯಿಂದ ಪ್ರವಾಸ ಪಟ್ಟಿಯ ಕಡತ ತಂದು, ಅದನ್ನೂ ಮುಂದಿಟ್ಟು, ಅದೇ ಕಲ್ಲು ಹೇರಿದ. ಮೇಲೂರು, ಚಿಂತಾಮಣಿ ಕಡೆಯ ಎಂಟು ಹಳ್ಳಿ, ಗೌರಿಬಿದನೂರು ಕಡೆಯ ಹನ್ನೊಂದು. ಆಕ್ಷೇಪಣೆ ಬರಲಿಲ್ಲ.

ಹೀಗೆ ಕ್ಯಾರವಾನ್ ಓಡಾಡತೊಡಗಿತು. ಅಧಿಕಾರಿಗಳನ್ನು ಡಬ್ಬಿಯಲ್ಲಿಟ್ಟು ಒಯ್ಯುವುದು ಶಿಷ್ಟಾಚಾರವಲ್ಲವಾದ್ದರಿಂದ ಜನರೇಟರ್ ಮುಂದಿನ ಸೀಟಿನಲ್ಲಿ ಬೆಲ್ಟ್ ಕಟ್ಟಿಕೊಂಡು ಕೂರುತ್ತಿತ್ತು. ತನುಜ ಹಿಂದೆ ಕೂರುತ್ತಿದ್ದಳು. ಮಂಡಿಸಿದ ಯಾವ ಕಡತವೂ ಮೂರು ದಿನಕ್ಕಿಂತ ಹೆಚ್ಚು ನಿಲ್ಲಲಿಲ್ಲ. ಗೃಹಪ್ರವೇಶಗಳಿಗೆ ಕಳಿಸಿ ಎಂಬ ಕೋರಿಕೆಗಳನ್ನು ಮಾತ್ರ ಬಯ್ಯಪ್ಪ ಮಂಡಿಸುವುದನ್ನು ಮರೆಯುತ್ತಿದ್ದ. ವರ್ಷದ ಕೊನೆಗೆ ಒಂಬತ್ತು ಸಾವಿರ ಹೆಸರುಗಳಲ್ಲಿ ಆರು ಸಾವಿರದ ಕಣ್ಣು ನೋಡಿ ಆಗಿತ್ತು. ನರೇಂದ್ರ ಸಭೆಯಲ್ಲಿ ಎದ್ದು, ಯಂತ್ರದಂತೆ ದುಡಿಯುವ ಅಧಿಕಾರಿ ಸಿಕ್ಕಿರುವುದು ಘಟಕದ ಭಾಗ್ಯ ಅಂದರು. ಯಾಮಿನಿ ಮೇಡಂ ಅದನ್ನು ನಡಾವಳಿಯಲ್ಲಿ ಬರೆಸಿದರು.

ಮೇಲೂರಿನ ಶಿಬಿರದಲ್ಲಿ ಸರದಿಯ ಮೊದಲಿಗೆ ನಿಂತಿದ್ದವರು ವೆಂಕಟರವಣಪ್ಪ ಎಂಬ ಎಪ್ಪತ್ತು ದಾಟಿದ ಹಿರಿಯರು. ಬಯ್ಯಪ್ಪ ಮುಂದಿನ ಬಾಗಿಲು ತೆಗೆದು, ಬೆಲ್ಟ್ ಬಿಚ್ಚಿ, ಜನರೇಟರನ್ನು ಎರಡೂ ಕೈಯಿಂದ ಎತ್ತಿ ಇಳಿಸುವುದನ್ನು ಕಣ್ಣು ಕಿರಿದು ಮಾಡಿ ನೋಡಿದರು.

"ಯಾರಪ್ಪ ಇವ್ರು?"

"ನಮ್ಮ ಸಾಹೇಬ್ರು," ಅಂದ ಬಯ್ಯಪ್ಪ, ಮಟ್ಟದ ಕಡ್ಡಿ ಒರೆಸುತ್ತ.

"ಊಟ ಗೀಟ ಏನಾರ ಏರ್ಪಾಟು ಮಾಡಬೇಕಾ?"

"ಬೇಡಿ. ಪೆಟ್ರೋಲ್ ಹಾಕಿದ್ರೆ ಆಯ್ತು."

ವೆಂಕಟರವಣಪ್ಪ ತಲೆಯಾಡಿಸಿದರು. "ವಾಸಿ ಬಿಡಪ್ಪ. ಹಿಂದಿನ ಸಾಹೇಬ್ರು ಎರಡೂ ತಗೊಳ್ಳೋರು," ಅಂದು, ಟವಲ್ಲು ಹಾಸಿಕೊಂಡು ತಮ್ಮ ಸರದಿಗೆ ಕೂತರು.