ಇಂಪ್ರ್ಯಾಕ್ಟಿಕೇಬಲ್ ಬಸ್ಸು

ಒಂದು ಇಂಗ್ಲಿಷ್ ಪದದ ಅರ್ಥವನ್ನು ಒಂದು ಪಿರಿಯಡ್ಡಿನಲ್ಲಿ ಹೇಳಿ ಮುಗಿಸಬಹುದು. ಅದೇ ಪದ ನಮ್ಮ ರೋಣ, ನರಗುಂದ, ಗಜೇಂದ್ರಗಡದ ದೊಡ್ಡವರ ಬಾಯಿಗೆ ಬಿದ್ದರೆ ಅದರ ಅರ್ಥ ವರ್ಷವಾದರೂ ಮುಗಿಯುವುದಿಲ್ಲ. ಹಿಂದೆ ಇಂಥವನ್ನೆಲ್ಲ ಸಂಜೆ ಮನೆಗೆ ಹೋಗಿ ಹೆಂಡತಿಯ ಮುಂದೆ ಹೇಳುತ್ತಿದ್ದೆ. ನಾನು ನಗದೆ ಹೇಳುತ್ತಿದ್ದೆ, ನಗುವ ಕೆಲಸ ಅವಳದಾಗಿತ್ತು. ಹೋದ ವರ್ಷದಿಂದ ಕೇಳುವವರಿಲ್ಲ. ಆದ್ದರಿಂದ ಬರೆಯುತ್ತಿದ್ದೇನೆ.

ಅರ್ಥ

ನಾನು ಹಳ್ಳಿಯ ಹೈಸ್ಕೂಲಿನಲ್ಲಿ ಇಂಗ್ಲಿಷ್ ಮಾಸ್ತರ. ಒಂದು ದಿನ ಹತ್ತನೇ ತರಗತಿಗೆ ಎರಡು ಪದಗಳ ವ್ಯತ್ಯಾಸ ಹೇಳುತ್ತಿದ್ದೆ. ಇಂಪ್ರ್ಯಾಕ್ಟಿಕಲ್ ಎಂದರೆ ಮಾಡಬಹುದು, ಆದರೆ ಮಾಡಿ ಉಪಯೋಗವಿಲ್ಲ. ಇಂಪ್ರ್ಯಾಕ್ಟಿಕೇಬಲ್ ಎಂದರೆ ಮಾಡಲಿಕ್ಕೇ ಆಗದು. ಛತ್ರಿಗೆ ಕಸೂತಿ ಹಾಕಿಸುವುದು ಮೊದಲನೆಯದು. ಅದೇ ಛತ್ರಿ ಹಿಡಿದು ಇಡೀ ಹೊಲಕ್ಕೆ ಮಳೆ ತಾಗದಂತೆ ನಿಲ್ಲುವುದು ಎರಡನೆಯದು.

ಎರಡನೆಯ ಪದವನ್ನು ಬಳಸಿ ಸ್ವಂತ ವಾಕ್ಯ ಬರೆಯಲು ಹೇಳಿದೆ. ಪಕ್ಕದ ಸಣ್ಣ ಊರಿನಿಂದ ಬಸ್ಸಿಗೆ ಬರುವ ಹುಡುಗಿಯರಲ್ಲೊಬ್ಬಳು, 'ನಾವು ಗಣಿತದ ಪಾಠಕ್ಕೆ ಬರುವುದು ಇಂಪ್ರ್ಯಾಕ್ಟಿಕೇಬಲ್' ಎಂದು ಇಂಗ್ಲಿಷಿನಲ್ಲಿ ಬರೆದಿದ್ದಳು. ಗಣಿತ ನಮ್ಮಲ್ಲಿ ಮೊದಲ ಪಿರಿಯಡ್. ಅವರ ಬಸ್ಸು ಬರುವುದು ಎರಡನೆಯದು ಶುರುವಾಗುವಾಗ. ವಾಕ್ಯದಲ್ಲಿ ಹುಡುಕಿದರೂ ತಪ್ಪು ಸಿಗಲಿಲ್ಲ. ಪೂರ್ಣ ಅಂಕ ಕೊಟ್ಟೆ.

ಅದೇ ವಾರ ಅವಳ ತಂದೆ ಶಾಲೆಗೆ ಬಂದರು. ಮನೆಯಲ್ಲೇ ಮಗ್ಗವಿಟ್ಟುಕೊಂಡು ಸೀರೆ ನೇಯುವವರು. ಮಾತು ಕಡಿಮೆ.

"ಸರ, ಲೆಕ್ಕ ಬರಲಾರದ ಸಾಲಿ ಕಲತು ಏನ್ ಮಾಡ್ತಾಳ್ರಿ? ದಸರಾ ಸೂಟಿ ಮಟಾ ನೋಡ್ತೀನಿ. ಬಸ್ಸು ಲಗೂ ಬಂದ್ರ ಸಾಲಿ, ಇಲ್ಲಂದ್ರ ಮಗ್ಗ."

ಬಸ್ಸು ಮುಕ್ಕಾಲು ಗಂಟೆ ಮೊದಲು ಹೊರಟರೆ ಸಾಕಿತ್ತು. ಇಷ್ಟು ಸರಳವಾದದ್ದನ್ನು ಯಾರಿಗೂ ಹೇಳಿ ಒಪ್ಪಿಸಲಾಗುವುದಿಲ್ಲ ಎಂಬುದು ನನಗಿನ್ನೂ ಗೊತ್ತಿರಲಿಲ್ಲ.

ನರಗುಂದದ ತರಬೇತಿ

ಮರುವಾರ ನರಗುಂದದಲ್ಲಿ ಶಿಕ್ಷಕರ ತರಬೇತಿ. ಸಂಪನ್ಮೂಲ ವ್ಯಕ್ತಿಯೊಬ್ಬರು ಬಂದು, ಸಮಸ್ಯೆ ಇದ್ದರೆ ಹೇಳಿ, ಪ್ರತಿಯೊಂದಕ್ಕೂ ನನ್ನಲ್ಲಿ ಉಪಾಯವಿದೆ ಎಂದರು. ಬಸ್ಸಿನ ವಿಷಯ ಹೇಳಿದೆ. ಅವರು ಕಣ್ಣು ಮುಚ್ಚಿ, ತೆರೆದು, ತಡವಾಗಿ ಬರುವ ಮಕ್ಕಳಿಗೆ ಮೊದಲ ಪಿರಿಯಡ್ಡನ್ನು ಮೊಬೈಲಿನಲ್ಲಿ ನೇರಪ್ರಸಾರ ಮಾಡಿ ಎಂದರು.

ಆ ಹುಡುಗಿಯರ ಹತ್ತಿರ ಮೊಬೈಲ್ ಇಲ್ಲ ಎಂದೆ. ತಂದೆಯದನ್ನು ತರಲಿ ಎಂದರು. ಬಸ್ಸು ನಿಲ್ಲುವ ಕಡೆ ನೆಟ್‌ವರ್ಕ್ ಇಲ್ಲ ಎಂದೆ. ನೆಟ್‌ವರ್ಕ್ ಇರುವ ಕಡೆ ಹೋಗಿ ನಿಲ್ಲಲಿ ಎಂದರು. ಅಲ್ಲಿ ಬಸ್ಸು ನಿಲ್ಲುವುದಿಲ್ಲ ಎಂದೆ. ನಿಮ್ಮಂಥ ನಕಾರಾತ್ಮಕ ಮನೋಭಾವದಿಂದಲೇ ಶಿಕ್ಷಣ ಹಿಂದುಳಿದದ್ದು ಎಂದು ಎಲ್ಲರ ಮುಂದೆ ಹೇಳಿದರು.

ಮುಂದಿನ ಉಪಾಯಗಳನ್ನು ಪರದೆಯ ಮೇಲೆ ತೋರಿಸಬೇಕಿತ್ತು. ಕರೆಂಟ್ ಹೋಯಿತು. ಅವರು ಖಾಲಿ ಗೋಡೆಯತ್ತ ಕೈ ಮಾಡಿ, "ಇಲ್ಲೊಂದು ಬಾಣ ಐತಿ ಅಂತ ತಿಳಕೋರಿ" ಎನ್ನುತ್ತ ಪಾಠ ಮುಂದುವರಿಸಿದರು. ನಾವು ಬಾಣ ಬರೆದುಕೊಂಡೆವು.

ಹೇಳಲು ಮರೆತೆ. ಅಂದು ಅವರು ಬಂದದ್ದೇ ಮೊದಲ ಅವಧಿ ಮುಗಿದ ಮೇಲೆ. ಬಸ್ಸು ತಡವಾಯಿತಂತೆ.

ಎರಿಮಣ್ಣಿನ ಸೈಕಲ್

ಮುಂದೆ ಸಿಕ್ಕವರು ನಮ್ಮ ಕಡೆಯ ಒಬ್ಬ ಪುಢಾರಿ. ಬಸ್ಸಿನ ಗೊಡವೆ ಯಾಕೆ, ಹುಡುಗಿಯರಿಗೆ ಸೈಕಲ್ ಕೊಡಿಸುತ್ತೇನೆ ಎಂದರು. ಡಾಂಬರು ರಸ್ತೆ ಸುತ್ತು, ಲಾರಿಗಳ ಕಾಟ ಬೇರೆ ಎಂದೆ. "ನಡುವ ಹೊಲದ ದಾರಿ ಐತಲ್ರಿ ಮಾಸ್ತರ. ಸೀದಾ ಬರ್ತಾವು" ಎಂದರು. ಅದು ಕಪ್ಪು ಎರಿಮಣ್ಣು, ಮಳೆಯಾದರೆ ಎತ್ತಿದ ಕಾಲು ಚಪ್ಪಲಿ ಬಿಟ್ಟು ಬರುತ್ತದೆ ಎಂದೆ. ಮಳೆ ಎಲ್ಲಿದೆ ಎಂದು ಆಕಾಶ ತೋರಿಸಿದರು.

ಖರೇ ಸೈಕಲ್ ಬಂದವು. ಹಂಚುವಾಗ ಫೋಟೋ ತೆಗೆಸಿದರು. ಸೈಕಲ್ಲಿಗಿಂತ ಫೋಟೋದಲ್ಲಿ ಅವರೇ ಹೆಚ್ಚು ಕಾಣುತ್ತಿದ್ದರು. ಆ ರಾತ್ರಿಯೇ ಮಳೆ ಸುರಿಯಿತು.

ಮರುದಿನ ನಾನು ಶಾಲೆಯ ಗೇಟಿನಲ್ಲಿ ನಿಂತಿದ್ದೆ. ಹುಡುಗಿಯರು ಹೊಲದ ದಾರಿಯಲ್ಲಿ ಸಾಲಾಗಿ ಕಂಡರು. ಮಡ್‌ಗಾರ್ಡಿನ ಒಳಗೆಲ್ಲ ಎರಿಮಣ್ಣು ತುಂಬಿ ಗಾಲಿ ತಿರುಗುತ್ತಿರಲಿಲ್ಲ. ಇಬ್ಬಿಬ್ಬರಿಗೆ ಒಂದರಂತೆ ಹೊತ್ತುಕೊಂಡು ಬರುತ್ತಿದ್ದರು. ನನ್ನ ಪಕ್ಕದಲ್ಲಿದ್ದ, ಶಾಲೆಯ ಗಂಟೆ ಬಾರಿಸುವ ಸಿಪಾಯಿ ಬಹಳ ಹೊತ್ತು ನೋಡಿ, "ಸರ, ಸೈಕಲ್ಲಿಗೆ ಹುಡುಗ್ಯಾರನ್ನ ಕೊಡಿಸ್ಯಾರೇನ್ರಿ?" ಎಂದ.

ಐಎಂಪಿ

ದಸರಾ ಹತ್ತಿರವಾಯಿತು. ಬಸ್ಸಿನ ವೇಳೆ ಗೊತ್ತುಮಾಡುವ ಸಾಹೇಬರಿಗೆ ನಾನೇ ಅರ್ಜಿ ಬರೆದೆ. ಅದನ್ನು ಒಯ್ಯಬೇಕಾದವರು ಶಾಲಾ ಸಮಿತಿಯ ಅಧ್ಯಕ್ಷರು. ಗಜೇಂದ್ರಗಡದಲ್ಲಿ ಅವರದು ಬಟ್ಟೆ ಅಂಗಡಿ. ನನಗೆ ಅಂದು ರೋಣದಲ್ಲಿ ಕೆಲಸವಿತ್ತು, ಅವರೊಬ್ಬರೇ ಹೋದರು.

ಎರಡು ದಿನ ಬಿಟ್ಟು ನಾನು ಶಾಲೆಗೆ ಬಂದರೆ ಅಂಗಳದಲ್ಲಿ ಪೆಂಡಾಲು. ಕುರ್ಚಿಗಳು, ಮೈಕು, ಹಾರ, ಹಣ್ಣಿನ ಬುಟ್ಟಿ. ಅರ್ಜಿ ಮಂಜೂರಾಗಿದೆ, ಸಾಹೇಬರಿಗೆ ಸನ್ಮಾನ ಎಂದರು ಅಧ್ಯಕ್ಷರು. ಸನ್ಮಾನ ಯಾಕೆಂದು ಸಾಹೇಬರು ಕೇಳಿರಲಿಲ್ಲ. ಸನ್ಮಾನಕ್ಕೆ ಕರೆದರೆ ಯಾಕೆಂದು ಕೇಳುವ ಸಾಹೇಬರನ್ನು ನಾನಿನ್ನೂ ನೋಡಿಲ್ಲ. ಬಂದರು, ಶಾಲು ಹೊದ್ದರು, ತಲೆಗೆ ಪೇಟ ಸುತ್ತಿಸಿಕೊಂಡರು.

ಅಧ್ಯಕ್ಷರು ಅರ್ಜಿಯನ್ನು ಎತ್ತಿ ಹಿಡಿದು ಮಾತಾಡಿದರು. "ಇದರ ಮ್ಯಾಲ ಸಾಹೇಬ್ರು ಒಂದ ಶಬ್ದ ಬರದಾರ. ಮೊದಲಿನ ಮೂರಕ್ಷರ ನೋಡ್ರಿ. ಐ, ಎಂ, ಪಿ. ಗೈಡಿನಾಗ ಇಂಪಾರ್ಟೆಂಟ್ ಪ್ರಶ್ನಿ ಮುಂದ ಏನಿರ್ತೈತಿ? ಐಎಂಪಿ. ನಾ ಎಸ್ಸೆಸ್ಸೆಲ್ಸಿ ಪಾಸಾಗಿದ್ದ ಅದರ ಮ್ಯಾಲ. ಬರೇ ಪ್ರ್ಯಾಕ್ಟಿಕೇಬಲ್ ಅಂದಿಲ್ಲ ಸಾಹೇಬ್ರು. ಐಎಂಪಿ ಪ್ರ್ಯಾಕ್ಟಿಕೇಬಲ್ ಅಂದಾರ."

ಚಪ್ಪಾಳೆ ಬಿತ್ತು. ಪೆಂಡಾಲಿನ ಕೊನೆಯಲ್ಲಿ ಆ ಹುಡುಗಿಯ ತಂದೆ ನಿಂತಿದ್ದರು. ಅವರೂ ನಿಧಾನವಾಗಿ ಚಪ್ಪಾಳೆ ತಟ್ಟಿದರು. ಹತ್ತನೇ ತರಗತಿಯ ಸಾಲಿನಲ್ಲಿ ಮಾತ್ರ ಯಾರೂ ತಟ್ಟಲಿಲ್ಲ. ಅವರಿಗೆ ಇಂಪ್ರ್ಯಾಕ್ಟಿಕೇಬಲ್ ಪದದ ಅರ್ಥ ಗೊತ್ತಿತ್ತು. ಆ ಹುಡುಗಿ ಹೇಳಲೆಂದು ಕೈ ಎತ್ತಿದಳು. ಪಕ್ಕದವಳು ಜಡೆ ಹಿಡಿದು ಎಳೆದು ಕೂರಿಸಿದಳು.

"ನಮ್ಮ ಇಂಗ್ಲಿಷ್ ಸರ್ ಅದಾರ. ಬರ್ರಿ ಸರ, ಅರ್ಥಾ ಬಿಡಿಸಿ ಹೇಳ್ರಿ" ಎಂದು ಅಧ್ಯಕ್ಷರು ಮೈಕು ನನ್ನ ಕೈಗಿತ್ತರು.

ಇಷ್ಟು ವರ್ಷದ ನೌಕರಿಯಲ್ಲಿ ನಾನು ಗೊತ್ತಿದ್ದೂ ತಪ್ಪು ಅರ್ಥ ಹೇಳಿದವನಲ್ಲ. ಸಾಹೇಬರನ್ನು ನೋಡಿದೆ. ಪೇಟದ ಕೆಳಗಿನಿಂದ ಬೆವರು ಇಳಿಯುತ್ತಿತ್ತು. ಅವರೂ ನನ್ನನ್ನೇ ನೋಡುತ್ತಿದ್ದರು.

"ಪದ ಬರೆದವರೇ ಇಲ್ಲಿದ್ದಾರೆ. ಅರ್ಥ ಅವರೇ ಹೇಳುವುದು ಸರಿ" ಎಂದು ಮೈಕನ್ನು ಅವರ ಮುಂದೆ ಹಿಡಿದೆ.

ಸಾಹೇಬರು ಜನರನ್ನು ನೋಡಿದರು, ಹಣ್ಣಿನ ಬುಟ್ಟಿಯನ್ನು ನೋಡಿದರು, ಗಂಟಲು ಸರಿಮಾಡಿಕೊಂಡರು. "ಹೌದ್ರಿ. ಭಾಳ ಇಂಪಾರ್ಟೆಂಟ್ ಅಂತ ಅದರ ಅರ್ಥ. ಸೋಮವಾರದಿಂದ ಬಸ್ಸು ಮುಕ್ಕಾಲು ತಾಸು ಮೊದಲ ಬರ್ತೈತಿ."

ಬಂತು. ಗಜೇಂದ್ರಗಡದಲ್ಲಿ ಅದು ಇಷ್ಟು ವರ್ಷ ಇನ್ನೊಂದು ಬಸ್ಸಿಗೆ ಕಾಯುತ್ತಿತ್ತಂತೆ. ಆ ಇನ್ನೊಂದು ಬಸ್ಸು ಎಂದೋ ರದ್ದಾಗಿತ್ತು. ಕಾಯುವುದನ್ನು ರದ್ದು ಮಾಡಲು ಯಾರಿಗೂ ಹೊಳೆದಿರಲಿಲ್ಲ. ಹುಡುಗಿ ದಸರಾ ಸೂಟಿಯ ನಂತರವೂ ಶಾಲೆಗೆ ಬಂದಳು, ಗಣಿತದ ಪಿರಿಯಡ್ಡಿಗೇ.

ತಿಂಗಳೊಳಗೆ ಅಬ್ಬಿಗೇರಿ ಕಡೆಯ ಒಂದು ಊರಿನ ಹಿರಿಯರು ನನ್ನನ್ನು ಹುಡುಕಿಕೊಂಡು ಬಂದರು. ಕೈಯಲ್ಲಿ ಹೊಸ ಶಾಲು, ಅವರ ಊರಿನ ಬಸ್ಸಿನ ಅರ್ಜಿ. ಅದೇ ಸಾಹೇಬರು ಅದರ ಮೇಲೆ ಸ್ಪಷ್ಟವಾಗಿ 'ಪ್ರ್ಯಾಕ್ಟಿಕೇಬಲ್' ಎಂದು ಬರೆದು ಸಹಿ ಹಾಕಿದ್ದರು. ನಿಮ್ಮ ಕೆಲಸ ಆದಂತೆಯೇ ಎಂದು ನಾನು ಸಂತೋಷದಿಂದ ಹೇಳಿದೆ. ಅವರ ಮುಖ ಇಳಿದೇ ಇತ್ತು.

"ಹ್ಯಾಂಗ ಆಗ್ತೈತ್ರಿ ಸರ? ನಮ್ಮೂರು ಅಂದ್ರ ಸಾಹೇಬ್ರಿಗೆ ಅಷ್ಟಕ್ಕಷ್ಟ. ಮೊದಲಿನ ಎರಡಕ್ಷರ, ಐ, ಎಂ, ಬೇಕಂತ ಬಿಟ್ಟಾರ. ನೀವ ಜೋಡಿಗೆ ಬಂದು ಹೆಂಗರ ಮಾಡಿ ಹಚ್ಚಿಸಿ ಕೊಡ್ರಿ."